ಅಂಗಳಕ್ಕೆ ಶೀಟು ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ, ಪುತ್ತೂರು ಕಡೆಯಿಂದ:
ಮನೆ ಎದುರಿನ ಅಂಗಳಕ್ಕೆ ಕಬ್ಬಿಣದ ಟ್ರಸ್ (ಶೀಟು ಹೊರುವ ತ್ರಿಕೋನದ ಚೌಕಟ್ಟು) ನಿಲ್ಲಿಸಿ ಶೀಟು ಹಾಕಿಸಬೇಕು ಅಂತಿದ್ದೇನೆ. 30×40 ಅಡಿ. ಎರಡು ಬದಿಗೆ ನಾಲ್ಕು ನಾಲ್ಕು ಕಂಬ, ನಡುವೆ ಕಂಬ ಬೇಡ, ಅಡಿಕೆ ಒಣಗಿಸಬೇಕಲ್ಲ. ಇಬ್ಬರು ವೆಲ್ಡಿಂಗ್‌ನವರು ರೇಟು ಕೊಟ್ಟಿದ್ದಾರೆ. ಒಬ್ಬರದ್ದು ತುಂಬಾ ಕಡಿಮೆ. "ಶೀಟಿಗೆ ಭಾರವೇ ಇಲ್ಲ, ಇಷ್ಟು ಪೈಪು ಸಾಕು" ಅಂತಾರೆ. ಹೌದಾ?

ಸುಳ್ಯದಿಂದ, ಕೃಷಿಕ:
ಭಾರ ಇಲ್ಲದ್ದೇ ತೊಂದರೆ ಮಾರಾಯ್ರೆ. ನಮಗೂ ಹಾಗೇ ಹೇಳಿದ್ದರು. ಏಪ್ರಿಲ್‌ನ ಒಂದು ಸಂಜೆ ಗಾಳಿಮಳೆ ಬಂತು, ಹತ್ತು ನಿಮಿಷ ಅಷ್ಟೆ. ಮಾಡು (ಚಾವಣಿ) ಕುಸಿದು ಬೀಳಲಿಲ್ಲ, ಎದ್ದು ಹೋಯಿತು. ಎರಡು ಕಂಬಗಳು ಮೂಲಂಗಿ ಕಿತ್ತ ಹಾಗೆ, ಬುಡದ ಕಾಂಕ್ರೀಟ್ ಗಟ್ಟಿ ಸಮೇತ ಮೇಲೆ ಬಂದಿದ್ದವು. ತಮಾಷೆ ಏನೆಂದರೆ ವೆಲ್ಡಿಂಗ್ ಒಂದೂ ಬಿಟ್ಟಿರಲಿಲ್ಲ.

ಮಂಗಳೂರಿನಿಂದ, ಸ್ಟ್ರಕ್ಚರಲ್ ಎಂಜಿನಿಯರ್:
ಮೇಲಿನವರು ಹೇಳಿದ್ದು ಸರಿ. ಸುಮ್ನೆ ಒರಟು ಲೆಕ್ಕ ಹಾಕಿ ತೋರಿಸುತ್ತೇನೆ.

ಗಾಳಿಗೆ ನಮ್ಮ ಕೋಡ್, ಅಂದರೆ ಕಟ್ಟಡ ವಿನ್ಯಾಸದ ಭಾರತೀಯ ಮಾನದಂಡ, ಐಎಸ್ 875ರ 3ನೇ ಭಾಗ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗ ಕೊಟ್ಟಿದ್ದಾರೆ. 39 ಅಂದರೆ ಗಂಟೆಗೆ 140 ಕಿಲೋಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ, ಅದನ್ನು 9.8ರಿಂದ ಭಾಗಿಸಿದರೆ ಚದರ ಮೀಟರಿಗೆ ಹತ್ತಿರ ಹತ್ತಿರ 93 ಕೆಜಿ. ಅದರಲ್ಲಿ ಅರ್ಧ ಮಾತ್ರ ಮಾಡನ್ನು ಮೇಲಕ್ಕೆ ಎತ್ತುತ್ತದೆ ಅಂತಿಟ್ಟುಕೊಳ್ಳಿ, ಸುಮಾರು 45 ಕೆಜಿ ಆಯಿತು. ಶೀಟು, ಪರ್ಲಿನ್ (ಶೀಟು ಕೂರಿಸುವ ಅಡ್ಡ ಪೈಪು), ಟ್ರಸ್ ಎಲ್ಲ ಸೇರಿ ತೂಕ ಚದರ ಮೀಟರಿಗೆ 12 ಕೆಜಿ ಇದ್ದರೆ ಹೆಚ್ಚು. ನಿಮ್ಮ ಅಂಗಳ 111 ಚದರ ಮೀಟರ್. ಎತ್ತುವ ಬಲ 5,000 ಕೆಜಿ, ಹಿಡಿದಿಡುವ ತೂಕ 1,330.

ಕೋಡ್ ಇಲ್ಲಿ ಒಂದು ಜಾಣತನ ಮಾಡುತ್ತದೆ. ಉಕ್ಕಿನ ಕಟ್ಟಡಗಳ ಕೋಡ್ ಐಎಸ್ 800 ಪ್ರಕಾರ ಗಾಳಿಯ ಬಲವನ್ನು ಒಂದೂವರೆ ಪಟ್ಟು ಮಾಡಬೇಕು, ಆದರೆ ಸ್ವಂತ ತೂಕವನ್ನು 0.9ಕ್ಕೆ ಇಳಿಸಬೇಕು. ಇಲ್ಲಿ ತೂಕ ನಮ್ಮ ಪರವಾಗಿ ನಿಂತಿದೆಯಲ್ಲ, ಅದನ್ನು ಪೂರ್ತಿ ನಂಬಬೇಡಿ ಅಂತ. ಹಾಗೆ ಮಾಡಿದರೆ ಉಳಿಯುವ ಎಳೆತ 6,300 ಕೆಜಿ. ಮೂಲೆಯ ಕಂಬಗಳಿಗೆ ಕಡಿಮೆ, ನಡುವಿನ ಒಂದೊಂದು ಕಂಬಕ್ಕೆ ಸಾವಿರ ಕೆಜಿ ದಾಟುತ್ತದೆ. ಕಂಬದ ಬುಡಕ್ಕೆ ತೋಡುವ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯ ಕಾಂಕ್ರೀಟ್ ತೂಗುವುದು 230 ಕೆಜಿ!

ಇನ್ನೊಂದು. ಒಂದು ಬದಿಗೆ ನಿಮ್ಮ ಮನೆಯ ಗೋಡೆಯೇ ಇದೆ. ಎದುರಿನಿಂದ ಬಂದ ಗಾಳಿ ಅದಕ್ಕೆ ಬಡಿದು ಹೊರಗೆ ಹೋಗಲಾರದೆ ಮಾಡನ್ನು ಕೆಳಗಿನಿಂದ ನೂಕುತ್ತದೆ. ಹಾಗಾಗಿ ನಾನು ಹಿಡಿದ ಅರ್ಧ ಎಂಬುದು ಉದಾರದ ಲೆಕ್ಕ, ನಿಜವಾದ ಎತ್ತುವ ಬಲ ಇನ್ನೂ ಹೆಚ್ಚಿರಬಹುದು.

ಟ್ರಸ್ಸಿನ ಕೆಳಗಿನ ಟೈಗೆ (ಎರಡು ಬದಿಯನ್ನು ಸೇರಿಸಿ ಹಿಡಿಯುವ ಅಡ್ಡ ಭಾಗಕ್ಕೆ) ಬರೀ ಸರಳು ಹಾಕಿಸಬೇಡಿ. ಮಾಮೂಲಿ ದಿನ ಅದು ಎಳೆತದಲ್ಲಿರುತ್ತದೆ, ಸರಳು ಸಾಕು ಅನ್ನಿಸುತ್ತದೆ. ಮಾಡು ಮೇಲೆದ್ದಾಗ ಎಲ್ಲ ತಿರುಗುಮುರುಗು, ಅದೇ ಸರಳನ್ನು ಎರಡೂ ತುದಿಯಿಂದ ಒತ್ತಿದ ಹಾಗಾಗಿ ಬಾಗುತ್ತದೆ. ಗಾಳಿಗೆ ಕೊಡೆ ಉಲ್ಟಾ ಆಗುತ್ತಲ್ಲ, ಹಾಗೆ. ಐಎಸ್ 800ರ ಮಿತಿಯಲ್ಲಿ 16 ಎಂಎಂ ಸರಳನ್ನು ಆಧಾರವಿಲ್ಲದೆ 1.4 ಮೀಟರಿಗಿಂತ ಉದ್ದ ಬಿಡುವ ಹಾಗಿಲ್ಲ.

ಭೂಕಂಪದ ಚಿಂತೆ ಇಷ್ಟು ಹಗುರದ ಮಾಡಿಗೆ ಬೇಡ. ಆದರೆ ಮೇಲೆ ಬಿದ್ದ ಸೋಗೆ ತೆಗೆಯಲು ಆಳು ಹತ್ತುತ್ತಾನೆ, ಅಲ್ವಾ? ಅಂಥದ್ದಕ್ಕೆ ಕೋಡ್ ಚದರ ಮೀಟರಿಗೆ ಸುಮಾರು 75 ಕೆಜಿ ಹಿಡಿಯಲು ಹೇಳುತ್ತದೆ. ಇಳಿಜಾರು ಜಾಸ್ತಿ ಇದ್ದರೆ ಸ್ವಲ್ಪ ಕಡಿಮೆ.

ಉಡುಪಿಯಿಂದ, ಫ್ಯಾಬ್ರಿಕೇಶನ್ ಕೆಲಸದವ:
ನಮ್ಮವರನ್ನೇ ಬೈತೀರಿ, ಇರಲಿ. ರೇಟು ಕಡಿಮೆ ಆದರೆ ಮೊದಲು ಪೈಪಿನ ದಪ್ಪ ನೋಡಿ. 50×50ರ 6 ಮೀಟರ್ ಉದ್ದದ ಪೈಪು 2 ಎಂಎಂ ಇದ್ದರೆ ಸುಮಾರು 18 ಕೆಜಿ ತೂಗಬೇಕು. 14 ಬಂದರೆ ಅದು 1.6ರದ್ದು. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆಯಲ್ಲ!

ಅಂಚಿನ ಶೀಟುಗಳಿಗೆ ಸ್ಕ್ರೂ ಹತ್ತಿರ ಹತ್ತಿರ ಹಾಕಿಸಿ, ಶೀಟು ಏಳುವುದು ಅಂಚಿನಿಂದಲೇ. ಜಿಐ (ಸತು ಲೇಪಿಸಿದ) ಪೈಪಾದರೆ ವೆಲ್ಡ್ ಮಾಡಿದಲ್ಲಿ ಸತು ಸುಟ್ಟು ಹೋಗಿರುತ್ತದೆ. ಕರಿ ಕೆರೆದು ಜಿಂಕ್ ಪೇಂಟ್ ಹೊಡೆಸಿ, ಇಲ್ಲದಿದ್ದರೆ ನಮ್ಮ ಮಳೆಗೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಓದಿ ಟೇಪು ಹಿಡಿದು ಅಂಗಳಕ್ಕೆ ಹೋದೆ. ಅಡ್ವಾನ್ಸ್ ಕೊಟ್ಟ ಖುಷಿಗೆ ಆ ಕಡಿಮೆ ರೇಟಿನವರು ನಿನ್ನೆಯೇ ಎರಡು ಗುಂಡಿ ತೋಡಿ ಹೋಗಿದ್ದಾರೆ. ಅಳೆದೆ. ಒಂದೂವರೆ ಅಡಿಗೆ ಎರಡು ಇಂಚು ಕಡಿಮೆ.