ತೀರಿಕೊಂಡ ಗೆಳೆಯನ ನೆನಪಿಗೆ ರೈಡ್: ಹೇಗೆ ನಡೆಸೋದು? ಜಂಕ್ಷನ್ ಭಯಕ್ಕೆ ಏನು ಮಾಡೋದು?

ನೆರಳುಹಾದಿ: ನಮ್ಮ ಬಳಗದ ಸವಾರನೊಬ್ಬ ಕಳೆದ ತಿಂಗಳು ಹೋಗಿಬಿಟ್ಟ. ಹಗಲು ಹೊತ್ತು, ನೇರ ರಸ್ತೆ, ವೇಗ 60ರ ಆಸುಪಾಸು. ಎದುರಿನಿಂದ ಬಂದ ಕಾರು ಜಂಕ್ಷನ್‌ನಲ್ಲಿ ಅವನಿಗೆ ಅಡ್ಡ ತಿರುಗಿತು. ಹೆಲ್ಮೆಟ್, ಜಾಕೆಟ್ ಎಲ್ಲಾ ಹಾಕಿದ್ದ. ನೆನಪಿಗೊಂದು ರೈಡ್ ಇಟ್ಟುಕೊಂಡಿದ್ದೇವೆ, ಹದಿನೆಂಟು ಬೈಕ್ ಸೇರಬಹುದು. ಗುಂಪನ್ನು ಹೇಗೆ ನಡೆಸೋದು? ಜಂಕ್ಷನ್ ಕಂಡರೆ ಕೈ ಬಿಗಿಯುತ್ತೆ ಅನ್ನುವವರಿಗೆ ಏನು ಹೇಳೋದು?

ಹಿಂಬದಿ_ದೀಪ: ಹದಿನೆಂಟು ಬೈಕನ್ನು ಒಂದೇ ಸಾಲಲ್ಲಿ ಬಿಡಬೇಡಿ. ಆರಾರರ ಮೂರು ಗುಂಪು ಮಾಡಿ, ನಡುವೆ ಎರಡು ಮೂರು ನಿಮಿಷ ಅಂತರ ಇರಲಿ. ಪ್ರತಿ ಗುಂಪಿಗೂ ಮುಂದೊಬ್ಬ, ಕೊನೆಗೊಬ್ಬ ಅನುಭವಸ್ಥ. ಹೊಸಬರು ಲೀಡರ್ ಬೆನ್ನಿಗೇ ಇರಲಿ. ಬಾಲದಲ್ಲಿ ಇಟ್ಟರೆ ಅಂತರ ಮುಚ್ಚೋಕೆ ಅವರೇ ಜಾಸ್ತಿ ಓಡಿಸಬೇಕಾಗುತ್ತೆ. ನೇರ ರಸ್ತೆಯಲ್ಲಿ ಓರೆಸಾಲು, ಅಂದರೆ ಒಬ್ಬ ಲೇನಿನ ಎಡಕ್ಕೆ, ಹಿಂದಿನವ ಬಲಕ್ಕೆ: ಓರೆಯಲ್ಲಿರುವ ಬೈಕಿಗೆ ಒಂದು ಸೆಕೆಂಡ್, ನೇರ ಮುಂದಿನದಕ್ಕೆ ಎರಡು. ತಿರುವು ಬಂತೋ, ಒಂಟಿ ಸಾಲು.

ಗುಂಪು ತುಂಡಾಗಬಾರದು ಅಂತ ಸಿಗ್ನಲ್ ಹಾರಿಸೋದು, ನೀವೇ ಅಡ್ಡ ನಿಂತು ರಸ್ತೆ ಕಟ್ಟೋದು ಬೇಡವೇ ಬೇಡ. ತುಂಡಾದರೆ ಆಗಲಿ, ಲೀಡರ್ ಮುಂದಿನ ತಿರುವಿನಲ್ಲಿ ಕಾಯ್ತಾನೆ. ತೀರಿಕೊಂಡವನ ನೆನಪಿಗೆ ಲೀಡರ್ ಪಕ್ಕದ ಜಾಗ ಖಾಲಿ ಬಿಡುವ ಪದ್ಧತಿ ಉಂಟಲ್ಲ, ಅದನ್ನು ನಿಧಾನದ ನೇರ ದಾರಿಗಷ್ಟೇ ಇಟ್ಟುಕೊಳ್ಳಿ. ಅಪಘಾತವಾದ ಜಾಗದಲ್ಲಿ ಹದಿನೆಂಟೂ ಬೈಕ್ ನಿಲ್ಲಿಸಬೇಡಿ. ದೂರದಲ್ಲಿ ಪಾರ್ಕ್ ಮಾಡಿ ಇಬ್ಬರು ಮೂವರು ನಡೆದು ಹೋಗಿ ಹೂ ಇಟ್ಟು ಬನ್ನಿ. ಭಾಷಣ, ಕಣ್ಣೀರು ಏನಿದ್ದರೂ ರೈಡ್ ಮುಗಿದ ಮೇಲೆ. ಅತ್ತ ಕಣ್ಣಲ್ಲಿ ಗಾಡಿ ಹತ್ತಿಸಬೇಡಿ. ಮನೆಯವರನ್ನು ಕೇಳದೆ ಯಾವುದನ್ನೂ ಗೊತ್ತು ಮಾಡಬೇಡಿ.

ಕ್ಲಚ್‌ವೈರ್: ಎರಡನೇ ಪ್ರಶ್ನೆಗೆ ನನ್ನ ಉತ್ತರ. ಇಂಥ ಸಾವಾದಾಗ ಸವಾರನಲ್ಲೇ ತಪ್ಪು ಹುಡುಕುತ್ತಾರೆ. 'ಅವನು ಹಾಗೆ ಮಾಡಿದ, ನಾನು ಮಾಡಲ್ಲ' ಅಂದುಕೊಂಡರೆ ಧೈರ್ಯ ಬರುತ್ತಲ್ಲ, ಅದಕ್ಕೆ. ಆದರೆ ಲಾಸ್ ಏಂಜಲೀಸ್ ಸುತ್ತಲಿನ 900 ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿದ 1981ರ ಹರ್ಟ್ ವರದಿ ನೋಡಿ. ಇನ್ನೊಂದು ವಾಹನಕ್ಕೆ ಢಿಕ್ಕಿಯಾದ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗ, ಬೈಕಿಗೆ ದಾರಿ ಬಿಡಬೇಕಿದ್ದ ಚಾಲಕನೇ ಬಿಟ್ಟಿರಲಿಲ್ಲ. ಕಾರಿನವನ ಕಡೆಗೆ ನೇರವಾಗಿ ಬರುವ ಬೈಕ್ ಅವನ ನೋಟದಲ್ಲಿ ಆಚೀಚೆ ಸರಿಯೋದೇ ಇಲ್ಲ, ಹತ್ತಿರವಾಗುವವರೆಗೂ ಒಂದು ಚುಕ್ಕೆ. ಗಾಜಿನ ಪಕ್ಕದ ಕಂಬ ಅಡ್ಡ ಬಂದರೆ ಅದೂ ಇಲ್ಲ. ಜಂಕ್ಷನ್‌ಗೆ ಮುಂಚೆ ನಿಮ್ಮ ಲೇನ್ ಒಳಗೇ ನಿಧಾನಕ್ಕೆ ಪಕ್ಕಕ್ಕೆ ಸರಿದರೆ ಆ ಚುಕ್ಕೆ ಅಲುಗಾಡುತ್ತೆ.

ಚಾಲಕನ ಕಣ್ಣು ನಂಬಬೇಡಿ, ಅವನು ನಿಮ್ಮತ್ತ ನೋಡಿಯೂ ನೋಡಿರೋದಿಲ್ಲ. ಕಾರಿನ ಮುಂದಿನ ಚಕ್ರ ನೋಡಿ, ಕಾರು ಮುಂದಕ್ಕೆ ಬರುವ ಮೊದಲ ಸುಳಿವು ಅದರ ತಿರುಗಾಟದಲ್ಲೇ ಸಿಗುತ್ತೆ. ಆಕ್ಸಲರೇಟರ್ ಬಿಟ್ಟು ಎರಡು ಬೆರಳು ಬ್ರೇಕ್ ಲಿವರ್ ಮೇಲಿರಲಿ.

ಲೆಕ್ಕ ಹೀಗಿದೆ: ಒಣ ರಸ್ತೆ, ಒಳ್ಳೆ ಬ್ರೇಕಿಂಗ್, 60ರ ವೇಗ ಅಂದುಕೊಳ್ಳಿ. ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿಗೆ 17 ಮೀಟರ್, ಹಿಡಿದ ಮೇಲೆ 20, ಒಟ್ಟು 37. 50ರಲ್ಲಿದ್ದರೆ ಒಟ್ಟು 28. ಹತ್ತೇ ಕಿಲೋಮೀಟರ್ ತಾನೆ ಅನ್ನಬೇಡಿ: 50ರವನು ಪೂರ್ತಿ ನಿಂತ ಜಾಗದಲ್ಲಿ 60ರವನು ಇನ್ನೂ 40ರಲ್ಲಿರುತ್ತಾನೆ.

ನೆರಳುಹಾದಿ: ಥ್ಯಾಂಕ್ಸ್. ನಮ್ಮಲ್ಲಿ ನಾಲ್ಕು ಬೈಕಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಅವರು?

ಕ್ಲಚ್‌ವೈರ್: ರೈಡಿಗೆ ಮುಂಚೆ ಒಂದು ಬೆಳಿಗ್ಗೆ ಖಾಲಿ, ಒಣ ಮೈದಾನದಲ್ಲಿ ಅಭ್ಯಾಸ ಮಾಡಿಸಿ, ಮರಳು ಇರಬಾರದು. 30ರಿಂದ ಶುರು, ಹಿಡಿತ ಬಂದ ಮೇಲೆ 40, 50. ಮುಂದಿನ ಬ್ರೇಕ್ ಒಮ್ಮೆಗೇ ಜಗ್ಗಬಾರದು: ಮೊದಲು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ಕುಗ್ಗುವಷ್ಟು ಒತ್ತಿ, ಭಾರ ಮುಂದಿನ ಟೈರಿಗೆ ಬಂದ ಮೇಲೆ ಬಲವಾಗಿ. ಆಗ ಹಿಂದಿನ ಚಕ್ರ ಹಗುರಾಗುತ್ತೆ, ಅಲ್ಲಿ ಒತ್ತಡ ಇಳಿಸಿ. ಮುಂದಿನ ಚಕ್ರ ಲಾಕ್ ಆದರೆ ಹ್ಯಾಂಡಲ್ ಸಡಿಲ ಅನ್ನಿಸುತ್ತೆ. ತಕ್ಷಣ ಬಿಟ್ಟು ಮತ್ತೆ ಒತ್ತಿ. ಕಣ್ಣು ದೂರದಲ್ಲಿರಲಿ, ಕೆಳಗೆ ನೋಡಿದರೆ ಗಾಡಿ ವಾಲುತ್ತೆ.

ಗ್ರೀಸ್_ಕೈ: ಒಂದೆರಡು ಸೇರಿಸ್ತೀನಿ. ಅವನ ಹೆಲ್ಮೆಟ್ಟನ್ನು ನೆನಪಿಗೆ ಅಂತ ಯಾರೂ ಹಾಕಿಕೊಳ್ಳಬೇಡಿ. ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮುಗೀತು, ಹೊರಗೆ ಗೀರು ಕಾಣದಿದ್ದರೂ ಅಷ್ಟೇ. ಟೈರ್ ಪಕ್ಕದ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು, ಟೈರಿನ ಮೇಲಿನ ಕಚ್ಚುಗಳು ಆಳ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ. ಗಾಳಿ ನೋಡೋದು ಟೈರ್ ತಣ್ಣಗಿದ್ದಾಗ. ಇನ್ನು, ಗಾಬರಿ ಇಳಿಯದವರನ್ನು ರೈಡಿಗೆ ಎಳೆಯಬೇಡಿ, ಕಾರಲ್ಲಿ ಬರಲಿ. ಪ್ರಥಮ ಚಿಕಿತ್ಸೆ ಡಬ್ಬಿ ಅವರ ಹತ್ತಿರವೇ ಇರಲಿ.