ಕೊಡಗಿನ ವಾರದ ಸಂತೆಗಳು: ಗಾಡಿ ಯಾವ ಕ್ರಮದಲ್ಲಿ ತಿರುಗಿಸುವುದು?

ಹುಣಸೂರು ದಾರಿ
ನಮಸ್ಕಾರ. ಹುಣಸೂರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ತುಂಬಿಕೊಂಡು ಸಣ್ಣ ಗೂಡ್ಸ್ ಗಾಡಿಯಲ್ಲಿ ಕೊಡಗಿನ ಸಂತೆಗಳಿಗೆ ಹೋಗಬೇಕೆಂದಿದೆ. ಶುಕ್ರವಾರ ಮಡಿಕೇರಿ, ಶನಿವಾರ ಶನಿವಾರಸಂತೆ, ಭಾನುವಾರ ಗೋಣಿಕೊಪ್ಪ ಅಂತ ಲೆಕ್ಕ ಹಾಕಿದ್ದೇನೆ. ಆಗುತ್ತದೆಯೇ? ಮಳೆಗಾಲಕ್ಕೆ ಏನು ಬದಲಾಯಿಸಬೇಕು?

ಸೋಮವಾರಪೇಟೆ ಕಡೆ
ಶನಿವಾರದವರೆಗೆ ಸರಿ, ಭಾನುವಾರ ಕೆಡುತ್ತದೆ ಅಣ್ಣ. ಶನಿವಾರಸಂತೆ ಜಿಲ್ಲೆಯ ಉತ್ತರದಲ್ಲಿ, ಗೋಣಿಕೊಪ್ಪ ದಕ್ಷಿಣದಲ್ಲಿ. ಸಂಜೆ ಅಂಗಡಿ ಎತ್ತಿ, ತೋಟದ ನಡುವಿನ ತಿರುವುಗಳಲ್ಲಿ ರಾತ್ರಿಯೆಲ್ಲ ಓಡಿಸಬೇಕಾಗುತ್ತದೆ. ಅದರ ಬದಲು ಸೋಮವಾರಪೇಟೆ, ಮಾದಾಪುರದ ಮೇಲೆ ಸುಂಟಿಕೊಪ್ಪಕ್ಕೆ ಇಳಿಯಿರಿ, ಅಲ್ಲೂ ಭಾನುವಾರವೇ ಸಂತೆ. ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ. ಬುಧವಾರಕ್ಕೆ ಗುಡ್ಡೆಹೊಸೂರು, ಸಿದ್ದಾಪುರ, ಅಮ್ಮತ್ತಿ ಹಾದು ವಿರಾಜಪೇಟೆ. ಈ ದಾರಿಯಲ್ಲಿ ಕಾಡಾನೆ ಬರುತ್ತದೆ, ಬೆಳಕು ಹರಿದ ಮೇಲೇ ಹೊರಡಿ. ವಿರಾಜಪೇಟೆ ಮುಗಿಸಿ ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರು. ಗುರುವಾರ ಮಾಲು ತುಂಬಿದರೆ ಶುಕ್ರವಾರ ಮತ್ತೆ ಮಡಿಕೇರಿ.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., ಅಷ್ಟರಲ್ಲಿ 300 ಮೀಟರ್ ಏರು. ಮಾಲು ಉಳಿದು ಭಾರದಲ್ಲೇ ಇಳಿಯುವಾಗ ಕೆಳಗಿನ ಗೇರಿನಲ್ಲಿ ಬನ್ನಿ. ಬ್ರೇಕ್ ಒತ್ತಿಕೊಂಡೇ ಇದ್ದರೆ ಕಾದು ಹಿಡಿಯುವುದೇ ಇಲ್ಲ.

ಕಿತ್ತಳೆನಾಡು
ನನ್ನ ಅಭಿಪ್ರಾಯ ಬೇರೆ. ಗೋಣಿಕೊಪ್ಪ ಬಿಡಬೇಡಿ, ಶನಿವಾರಸಂತೆಯನ್ನೇ ಬಿಡಿ. ಭಾನುವಾರ ತೋಟದ ಕೆಲಸಕ್ಕೆ ರಜೆ. ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರು, ವಾರದ ಸಾಮಾನು ಕಟ್ಟಿಸಿಕೊಳ್ಳುವುದು ಅಂದೇ. ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪ ಮೂರಕ್ಕೂ ಭಾನುವಾರ ಬಿದ್ದಿರುವುದು ಸುಮ್ಮನೆ ಅಲ್ಲ. ದಕ್ಷಿಣದಲ್ಲಿ ರೊಬಸ್ಟಾ ಕಾಫಿ ಹೆಚ್ಚು, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಹೊರಗಿನಿಂದ ಆಳು ಬಂದು ಸೇರುವ ಆ ತಿಂಗಳುಗಳಲ್ಲಿ ಈರುಳ್ಳಿ ಒಂದೆರಡು ಮೂಟೆ ಹೆಚ್ಚಿಗೆ ಇರಲಿ.

ನೆಲದ ಸುಂಕ, ಅಂದರೆ ಸಂತೆಯಲ್ಲಿ ಜಾಗಕ್ಕೆ ಕಟ್ಟುವ ಹಣ, ಬೇರೆ ಲೆಕ್ಕ. ಮಡಿಕೇರಿಯಲ್ಲಿ ನಗರಸಭೆ, ಶನಿವಾರಸಂತೆಯಲ್ಲಿ ಗ್ರಾಮ ಪಂಚಾಯಿತಿ, ಹೀಗೆ ಊರಿಗೊಂದು ಆಡಳಿತ. ಮೊದಲ ವಾರವೇ ದರ ಕೇಳಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಜಾಗ ಕೇಳದೆ ಚೀಲ ಇಳಿಸಬೇಡಿ, ಹಳಬರಿಗೆ ಇಂತಿಂಥ ಜಾಗ ಎಂದಿರುತ್ತದೆ.

ಸೋಮವಾರಪೇಟೆ ಕಡೆ
ಕೊಯ್ಲಿನ ತಿಂಗಳಲ್ಲಿ ಅವರು ಹೇಳಿದ್ದೇ ಸರಿ, ಒಪ್ಪುತ್ತೇನೆ.

ಮಳೆಗಾಲದ್ದು: ಕುಶಾಲನಗರ ಮಳೆಯ ಮರೆಯಲ್ಲಿದೆ, ಪಶ್ಚಿಮಕ್ಕೆ ಹೋದಷ್ಟೂ ಮಳೆ ಜೋರು. ಭಾಗಮಂಡಲದಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಹಾಗಾಗಿ ಪಶ್ಚಿಮದ ನಾಪೋಕ್ಲು ಕಡೆಗೆ ಆಗ ಹೊಸದಾಗಿ ಸಂತೆ ಹಿಡಿಯಬೇಡಿ. ಸಿದ್ದಾಪುರದ ಹತ್ತಿರ ಕರಡಿಗೋಡಿಗೆ ಕಾವೇರಿ ನುಗ್ಗಿದ ಸುದ್ದಿ ಬಂದರೆ ಆ ದಾರಿ ಬಿಟ್ಟು ಮಡಿಕೇರಿ ಮೇಲಿಂದಲೇ ವಿರಾಜಪೇಟೆಗೆ ಹೋಗಿ.

ಈರುಳ್ಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತರಲೇಬೇಡಿ, ಬಲೆ ಚೀಲವೇ ಆಗಬೇಕು. ಟಾರ್ಪಾಲನ್ನು ಮಾಲಿಗೆ ತಾಗುವಂತೆ ಬಿಗಿದರೆ ಒಳಗೆ ಬೆವತು ಎರಡು ದಿನಕ್ಕೇ ಕುತ್ತಿಗೆಯಿಂದ ಕೊಳೆಯುತ್ತದೆ. ಕಮಾನು ಕಟ್ಟಿ ಅದರ ಮೇಲೆ ಹೊದಿಸಿ, ಹಿಂದಿನ ಬದಿ ಗಾಳಿಗೆ ಬಿಡಿ. ಚೀಲಗಳ ಕೆಳಗೆ ಮರದ ಪಟ್ಟಿ ಹಾಕಿ. ಜುಲೈಯಲ್ಲಿ ಎರಡು ಸಂತೆಗೆ ಆಗುವಷ್ಟೇ ತನ್ನಿ.