ರಿಮೋಟ್ ಟ್ಯಾಂಕಿನ ಫಲಕಕ್ಕೆ ಕನ್ನಡ ಬೇಕಾಗಿದೆ: ಟರೆಟ್, ಟ್ರ್ಯಾಕ್, ಐಡ್ಲರ್, 1/16

ಗೋಣಿಕೊಪ್ಪಲಿನ ಹವ್ಯಾಸಿ:

ಮಾನ್ಯರೇ, ಅವಸರದ ಪ್ರಶ್ನೆ. ಭಾನುವಾರ ಇಲ್ಲಿನ ಶಾಲೆಯೊಂದರ ಸಭಾಂಗಣದಲ್ಲಿ ನಾವು ಕೆಲವರು ಕಟ್ಟಿರುವ ರಿಮೋಟ್ ಟ್ಯಾಂಕುಗಳನ್ನು ಪ್ರದರ್ಶನಕ್ಕೆ ಇಡುತ್ತಿದ್ದೇವೆ. ಬೋರ್ಡು ಬರೆಯುವವರು ಗುರುವಾರ ಸಂಜೆಯೊಳಗೆ ಒಕ್ಕಣೆ ಕೇಳಿದ್ದಾರೆ. ಇಂಗ್ಲಿಷಿನದು ಸಿದ್ಧವಾಗಿದೆ, ಕನ್ನಡದ್ದು ಖಾಲಿ. ನೋಡಲು ಬರುವವರು ಮಕ್ಕಳು ಮತ್ತು ಅವರ ಅಜ್ಜಂದಿರು. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದ ಮಕ್ಕಳಿಗೆ ಇದರ ಹುಚ್ಚು ಹೆಚ್ಚು.

ಮುಖ್ಯ ಮಾದರಿ ಸೋವಿಯತ್ ಒಕ್ಕೂಟದ ಟಿ-55 ಟ್ಯಾಂಕು. ಗೇರ್‌ಬಾಕ್ಸು ಮತ್ತು ವಿದ್ಯುತ್ ಭಾಗಗಳು ಚೀನಾದ ಹೆಂಗ್ ಲಾಂಗ್ ಕಂಪನಿಯ ಗಾಡಿಯೊಂದರಿಂದ ಬಿಚ್ಚಿದವು. ಒಡಲನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾವೇ ಕಟ್ಟಿದ್ದೇವೆ. ನಿಜವಾದ ಗಾಡಿಯ ಹದಿನಾರನೇ ಒಂದು ಅಳತೆ, ತೋಪಿನ ನಳಿಗೆ ಬಿಟ್ಟರೆ ಸುಮಾರು 40 ಸೆಂಟಿಮೀಟರ್ ಉದ್ದ. ಸ್ಟಿಯರಿಂಗ್ ಇಲ್ಲ. ಎಡಕ್ಕೊಂದು ಬಲಕ್ಕೊಂದು ಮೋಟಾರು. ಒಂದು ನಿಧಾನವಾದರೆ ಗಾಡಿ ಆ ಕಡೆಗೆ ತಿರುಗುತ್ತದೆ, ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಓಡಿದರೆ ನಿಂತಲ್ಲೇ ಸುತ್ತುತ್ತದೆ.

ಬೇಕಾದ ಪದಗಳು: ಇಡೀ ಗಾಡಿಗೆ ಒಂದು ಹೆಸರು. ಮೇಲೆ ತಿರುಗುವ ಟರೆಟ್. ಗಾಲಿಗಳ ಸುತ್ತ ಓಡುವ ಟ್ರ್ಯಾಕ್. ಅದನ್ನು ಹಲ್ಲಿನಿಂದ ಹಿಡಿದು ಎಳೆಯುವ ಸ್ಪ್ರಾಕೆಟ್, ಇನ್ನೊಂದು ತುದಿಯ ಐಡ್ಲರ್. 1/16 ಎಂಬ ಸ್ಕೇಲ್. ಕೊನೆಯದು ವೆದರಿಂಗ್, ಅಂದರೆ ಹೊಸ ಬಣ್ಣದ ಮೇಲೆ ತುಕ್ಕು, ಕೆಸರು, ಹೊಗೆ ಹತ್ತಿಸಿ ಯುದ್ಧ ಕಂಡ ಗಾಡಿಯಂತೆ ಮಾಡುವುದು.

ಸೋಮವಾರಪೇಟೆಯ ನಿವೃತ್ತ ಅಧ್ಯಾಪಕ:

ಮೊದಲನೆಯದಾಗಿ, ‘ಯುದ್ಧಬಂಡಿ’ ಎಂದು ಯಾರಾದರೂ ಸೂಚಿಸುವ ಮುನ್ನ ಹೇಳಿಬಿಡುತ್ತೇನೆ: ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ, ಸಲ್ಲದು. ಪತ್ರಿಕೆಗಳ ‘ಯುದ್ಧಟ್ಯಾಂಕ್’ ಬಗ್ಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಏನೂ ಹೇಳಿಲ್ಲ. ಅಷ್ಟು ಕೆಡುಕನ್ನು ಅವನು ಊಹಿಸಿರಲಿಲ್ಲ.

ಎರಡನೆಯದಾಗಿ, ಟ್ಯಾಂಕ್ ಇಂಗ್ಲಿಷ್ ಪದವೇ ಅಲ್ಲ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಇರುವ ಟಾಂಕಿ, ಟಾಂಕೆ ಎಂಬ ಮಾತುಗಳು ಹದಿನೇಳನೇ ಶತಮಾನದಲ್ಲಿ ವರ್ತಕರ ಬಾಯಿಗೆ ಹತ್ತಿ ಇಂಗ್ಲಿಷಿಗೆ ಹೋದವು. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಈ ಗಾಡಿ ಗುಟ್ಟಾಗಿ ತಯಾರಾಗುತ್ತಿದ್ದಾಗ, ಗುಟ್ಟು ಒಡೆಯದಿರಲೆಂದು ಅದನ್ನು ನೀರು ಸಾಗಿಸುವ ತೊಟ್ಟಿಯೆಂದು ಹೇಳಿಕೊಂಡರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗಕ್ಕೆ ಇಳಿದ ಮೇಲೂ ಸುಳ್ಳು ಹೆಸರೇ ನಿಂತಿತು. ಆದ್ದರಿಂದ ‘ಟಾಂಕಿ’ ಎಂದೇ ಬರೆಸಿ. ತವರಿಗೆ ಬಂದ ಮಗಳನ್ನು ಯಾರೂ ಅತಿಥಿ ಎನ್ನುವುದಿಲ್ಲ.

ಮೈಸೂರಿನ ಅನುವಾದಕಿ:

ಗುರುಗಳೇ, ಕೇಳಿದ್ದು ಫಲಕ, ವಂಶಾವಳಿ ಅಲ್ಲ. ‘ಟಾಂಕಿ’ ಎಂದು ಬರೆದರೆ ಅಜ್ಜಂದಿರು ತಾರಸಿಯ ಕಡೆಗೆ ನೋಡುತ್ತಾರೆ. ವಂಶಾವಳಿಯೂ ನೀವು ಹೇಳಿದಷ್ಟು ನೇರವಾಗಿಲ್ಲ. ಪೋರ್ಚುಗೀಸರ ‘ತಾಂಕೆ’ ಎಂಬ ಪದವೂ ನೀರಿನ ಕೊಳವೇ, ಅದರ ಬೇರು ಲ್ಯಾಟಿನ್ ಕಡೆಗಿದೆ. ಎರಡೂ ಕೂಡಿಕೊಂಡಿರಬಹುದು ಎನ್ನುವ ನಿಘಂಟುಗಳಿವೆ. ಮಗಳು ಯಾವ ಮನೆಯವಳು ಎಂಬುದೇ ತೀರ್ಮಾನವಾಗಿಲ್ಲ. ಹಳೆಯ ಮೈಸೂರು ಸರ್ಕಾರದ ಇಂಗ್ಲಿಷ್ ಕಡತಗಳಲ್ಲಿ ಟ್ಯಾಂಕ್ ಎಂದರೆ ಕೆರೆ. ಆ ಲೆಕ್ಕದಲ್ಲಿ ಇವರು ಇಡುತ್ತಿರುವುದು ರಿಮೋಟ್ ಕೆರೆಗಳ ಪ್ರದರ್ಶನ.

ಟ್ಯಾಂಕ್ ಎಂದೇ ಇರಲಿ. ಟರೆಟ್‌ಗೆ ‘ತಿರುಗುಗೋಪುರ’. ಅರಿಸಮಾಸ ಎಂದು ಪೆನ್ನು ಎತ್ತಬೇಡಿ, ‘ತಿರುಗು’ವಿನಂಥ ಕ್ರಿಯೆಯ ಮಾತು ಮೊದಲು ಬರುವ ಗಮಕಸಮಾಸಕ್ಕೆ ವಿನಾಯಿತಿ ಇದೆ. ಸುಡುಗಾಡನ್ನು ಒಪ್ಪಿದವರು ಇದನ್ನೂ ಒಪ್ಪಬೇಕು.

ಕುಶಾಲನಗರದ ಅಚ್ಚಗನ್ನಡಿಗ:

ಗೋಪುರವೂ ಸಂಸ್ಕೃತ. ಕನ್ನಡದಲ್ಲಿ ‘ಕೋಟೆ ಕೊತ್ತಳ’ ಎಂಬ ಜೋಡಿ ಮಾತು ಬದುಕಿರುವಾಗ ಗೋಪುರವೇಕೆ? ಟರೆಟ್ ಎಂದರೆ ಕೊತ್ತಳ. ಗಾಡಿಗೆ ‘ಗುಂಡುಬಂಡಿ’. ದೂರನಿಯಂತ್ರಿತ ಎನ್ನುವುದಕ್ಕೆ, ಹಳಗನ್ನಡದ ‘ಗೆಂಟು’ ಎಂದರೆ ದೂರ, ‘ಗೆಂಟಾಳ್ಕೆಯ ಗುಂಡುಬಂಡಿ’.

ಸ್ಕೇಲ್ ವಿಷಯಕ್ಕೆ ಬನ್ನಿ. ಹದಿನಾರನೇ ಒಂದಕ್ಕೆ ನಮ್ಮಲ್ಲಿ ಬೇರೆ ಪದವನ್ನು ಕಟ್ಟುವ ಅಗತ್ಯವೇ ಇಲ್ಲ. ‘ವೀಸ’ ಎಂದರೆ ಹದಿನಾರನೇ ಒಂದು. ಶಾನುಭೋಗರ ಲೆಕ್ಕದ ಪುಸ್ತಕಗಳಲ್ಲಿ ತುಂಬಿದೆ. ‘ವೀಸದ ಮಾದರಿ’ ಎಂದು ಬರೆಸಿ. ಇಂಗ್ಲಿಷಿನವರಿಗೆ ಒಂದು ಬಾರ್ ಹದಿನಾರು ಎಂದು ಅಂಕಿ ಹಾಕಬೇಕಾದದ್ದು ನಮಗೆ ಎರಡು ಅಕ್ಷರ.

ಗೋಣಿಕೊಪ್ಪಲಿನ ಹವ್ಯಾಸಿ:

ವೀಸ ಬಹಳ ಹಿಡಿಸಿತು, ಆದರೆ ಒಂದು ತೊಡಕಿದೆ. ಉದ್ದ ವೀಸ. ಅಗಲವೂ ವೀಸ, ಎತ್ತರವೂ ವೀಸ ಆಗುವುದರಿಂದ ತೂಕ ವೀಸದ ವೀಸದ ವೀಸ, ಅಂದರೆ 4096ನೇ ಒಂದು. ನಿಜವಾದ ಟಿ-55 ಸುಮಾರು 36 ಟನ್. ಮಾದರಿ ಒಂಬತ್ತು ಕಿಲೋಗೆ ಸ್ವಲ್ಪ ಕಡಿಮೆ ತೂಗಿದರೆ ಲೆಕ್ಕ ಸರಿ. ಬರೀ ಪ್ಲಾಸ್ಟಿಕ್ ಒಡಲು ಅದರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕಾಗಿಯೇ ಪ್ಲಾಸ್ಟಿಕ್ ಟ್ರ್ಯಾಕ್ ತೆಗೆದು ಲೋಹದ್ದು ಹಾಕುವುದು, ಗಾಲಿಗಳನ್ನು ಲೋಹಕ್ಕೆ ಬದಲಾಯಿಸುವುದು. ತೂಕ ಇಲ್ಲದ ಗಾಡಿ ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ. ತೂಕ ಬಂದರೆ ಸಸ್ಪೆನ್ಷನ್ ತಗ್ಗಿ, ಗಾಲಿಗಳು ಒಂದೊಂದಾಗಿ ಏರಿಳಿದು, ನಡಿಗೆಗೆ ಗಾಂಭೀರ್ಯ ಬರುತ್ತದೆ. ತೂಕ ಹೆಚ್ಚಿಸಿದ ಮೇಲೆ ಮೃದು ಲೋಹದ ಗೇರುಗಳ ಹಲ್ಲು ಸವೆಯುತ್ತವೆ, ಆಗ ಉಕ್ಕಿನ ಗೇರ್‌ಬಾಕ್ಸು. ಒಂದನ್ನು ಮುಟ್ಟಿದರೆ ಎಲ್ಲವನ್ನೂ ಮುಟ್ಟಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ: ಪಕ್ಕದ ಮೇಜಿನಲ್ಲಿ 1/35 ಮಾದರಿಗಳೂ ಇವೆ. ಅದಕ್ಕೂ ಶಾನುಭೋಗರ ಪದ ಇದೆಯೇ?

ಕುಶಾಲನಗರದ ಅಚ್ಚಗನ್ನಡಿಗ:

ಇಲ್ಲ. ಮೂವತ್ತೈದು ಎಂಬುದು ಲೆಕ್ಕವೇ ಅಲ್ಲ, ಮೂವತ್ತೆರಡು ಮಾಡಿಕೊಳ್ಳಿ. ಅದಕ್ಕೆ ಅರೆವೀಸ ಇದೆ.

ಗೋಣಿಕೊಪ್ಪಲಿನ ಹವ್ಯಾಸಿ:

ಮಾಡಿಕೊಳ್ಳಲು ಅದು ನನ್ನ ಕೈಯಲ್ಲಿಲ್ಲ ಸ್ವಾಮಿ. ಜಪಾನಿನ ತಮಿಯಾ ಕಂಪನಿ ಮೋಟಾರು ಇಟ್ಟು ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ, ಒಳಗೆ ಬ್ಯಾಟರಿ ಹಿಡಿಸುವಷ್ಟು ಗಾತ್ರ ಮಾಡಿಕೊಂಡರು. ಆಮೇಲೆ ಅಳೆದು ನೋಡಿದರೆ ಸುಮಾರು ಮೂವತ್ತೈದನೇ ಒಂದು. ಅದೇ ಜಗತ್ತಿನ ವಾಡಿಕೆಯಾಗಿ ನಿಂತಿತು.

ವಿರಾಜಪೇಟೆಯ ನಿವೃತ್ತ ಸೈನಿಕ:

ಗೆಂಟಾಳ್ಕೆ ಎಂದು ಬರೆದರೆ ಮಕ್ಕಳು ಗಂಟಲು ಬೇನೆಯ ಹೆಸರು ಎಂದುಕೊಳ್ಳುತ್ತಾರೆ. ರಿಮೋಟ್ ಎಂದು ಬರೆಸಿ ಮುಗಿಸಿ. ಪ್ರತಿ ಮನೆಯಲ್ಲೂ ಒಂದು ಇದೆ, ಟಿವಿಯ ಪಕ್ಕದಲ್ಲಿ.

ಅಚ್ಚಗನ್ನಡದವರು ಆಯುಧಗಳ ತಂಟೆಗೆ ಬರದಿರುವುದೇ ಕ್ಷೇಮ. ಫಿರಂಗಿ? ಫ್ರಾಂಕರ ಹೆಸರು ಪಾರಸಿಯ ಮೂಲಕ ಬಂದದ್ದು. ತೋಪು? ತುರ್ಕಿ. ತುಪಾಕಿಯೂ ಅದೇ ದಾರಿಯದು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ನಾವು ಪೂಜೆ ಮಾಡುವ ತೋಕ್, ಅಂದರೆ ಬಂದೂಕು, ಕೂಡ ಆ ತುಪಾಕಿಯ ನಂಟೇ. ಹೊರಗಿನ ಪದವೆಂದು ಯಾರೂ ಅದಕ್ಕೆ ಹಬ್ಬದ ತೋಕ್ ಪೂ ಹೂವನ್ನು ಸಿಕ್ಕಿಸದೆ ಬಿಟ್ಟಿಲ್ಲ. ಬಂದೂಕನ್ನು ಎರವಲು ಪಡೆದವರು ಹೆಸರನ್ನೂ ಜೊತೆಗೇ ಪಡೆದರು. ಉಳಿದದ್ದು ಕೋವಿ ಒಂದೇ, ಅದು ನಮ್ಮದು.

ನನ್ನ ತಕರಾರು ಬೇರೆ. ದಯವಿಟ್ಟು ಯಾರೂ ‘ಟ್ಯಾಂಕರ್’ ಎಂದು ಬರೆಸಬೇಡಿ. ಸುದ್ದಿಗಳಲ್ಲಿ ‘ಗಡಿಗೆ ಟ್ಯಾಂಕರ್‌ಗಳ ರವಾನೆ’ ಎಂದು ಓದಿದಾಗಲೆಲ್ಲ ಶತ್ರುವಿಗೆ ನೀರು ಕಳುಹಿಸುತ್ತಿದ್ದಾರೆ ಅನ್ನಿಸುತ್ತದೆ.

ಟರೆಟ್ ಎಂದದ್ದಕ್ಕೆ ಒಂದು ಸಂಗತಿ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆದಾರಿಯಲ್ಲಿ, ಹನ್ನೊಂದು ಸಾವಿರ ಅಡಿಗೂ ಮೇಲೆ, ಭಾರತೀಯ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ನುಗ್ಗಿದಾಗ ಎದುರಾಳಿಗಳಿಗೆ ಅದು ಕನಸಿನಲ್ಲೂ ಇರಲಿಲ್ಲ. ಆ ಕಾರ್ಯಾಚರಣೆಯ ಹಿಂದೆ ಇದ್ದವರು ನಮ್ಮ ಮಡಿಕೇರಿಯ ತಿಮ್ಮಯ್ಯನವರು. ಜಮ್ಮುವಿನಿಂದ ಶ್ರೀನಗರಕ್ಕೆ ಅವನ್ನು ಸಾಗಿಸುವಾಗ ಟರೆಟ್ ಕಳಚಿ ಬೇರೆಯಾಗಿ ಒಯ್ದರು, ಸುದ್ದಿ ಹರಡದಿರಲಿ ಎಂದು. ಕೊತ್ತಳವನ್ನು ಕಳಚಿ ಲಾರಿಯಲ್ಲಿ ಒಯ್ಯಲು ಬರುತ್ತದೆಯೇ? ಅದು ನೆಲಕ್ಕೆ ಕಚ್ಚಿಕೊಂಡ ಕಟ್ಟಡ. ಆ ಪದ ಇಲ್ಲಿ ಹೊಂದದು.

ಕುಟ್ಟದ ಓದುಗ:

ನಮ್ಮ ಗಡಿಯಾಚೆ ವಯನಾಡಿನಲ್ಲಿ ಸುಲ್ತಾನ್ ಬತ್ತೇರಿ ಇದೆ, ಮಂಗಳೂರಿನಲ್ಲೂ ಅದೇ ಹೆಸರಿನ ಕಾವಲು ಬುರುಜು ಇದೆ. ತೋಪು ಇಡುವ ಜಾಗವೇ ಬತ್ತೇರಿ. ಟರೆಟ್‌ಗೆ ಅದಕ್ಕಿಂತ ಒಳ್ಳೆಯ ಪದ ಉಂಟೇ?

ಮೈಸೂರಿನ ಅನುವಾದಕಿ:

ಉಂಟು. ಬತ್ತೇರಿ ಎಂಬುದು ಇಂಗ್ಲಿಷಿನ ಬ್ಯಾಟರಿಯೇ. ಇವರ ಗಾಡಿಯಲ್ಲಿ ಕೆಳಗೆ 7.4 ವೋಲ್ಟಿನ ಬ್ಯಾಟರಿ, ಮೇಲೆ ಬತ್ತೇರಿ. ಬೋರ್ಡು ಬರೆಯುವವರು ತಪ್ಪು ಎಂದುಕೊಂಡು ಎರಡನ್ನೂ ಒಂದೇ ಮಾಡುತ್ತಾರೆ.

ಸೋಮವಾರಪೇಟೆಯ ನಿವೃತ್ತ ಅಧ್ಯಾಪಕ:

ಟ್ರ್ಯಾಕ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ‘ಸರಪಳಿ’ ಎನ್ನಿ.

ಗೋಣಿಕೊಪ್ಪಲಿನ ಹವ್ಯಾಸಿ:

ಸರಪಳಿ ದುಬಾರೆಯಲ್ಲಿ ಆನೆಯ ಕಾಲಿಗೆ ಹಾಕುವುದು, ಗುರುಗಳೇ. ಕಟ್ಟಿಹಾಕುವ ವಸ್ತುವಿನ ಹೆಸರನ್ನು ಓಡಿಸುವ ವಸ್ತುವಿಗೆ ಇಡಲು ಮನಸ್ಸು ಬರುತ್ತಿಲ್ಲ. ನಮ್ಮ ತೋಟಗಳಲ್ಲಿ ಕೆರೆ ತೋಡಲು, ರಸ್ತೆ ಕಡಿಯಲು ಬರುವ ಹಿಟಾಚಿಗೆ ಇರುವುದು ಇದೇ ಪಟ್ಟಿ. ಅದರ ಆಪರೇಟರುಗಳು ‘ಚೈನು’ ಎನ್ನುತ್ತಾರೆ. ಟಯರಿನದು ಜೆಸಿಬಿ, ಚೈನಿನದು ಹಿಟಾಚಿ. ತೋಟದ ಕೆಲಸದವರಿಗೆಲ್ಲ ಗೊತ್ತಿರುವ ಭೇದ. ನಾನು ಚೈನು ಎಂದೇ ಬರೆಸುವವನಿದ್ದೇನೆ.

ಸೋಮವಾರಪೇಟೆಯ ನಿವೃತ್ತ ಅಧ್ಯಾಪಕ:

ಒಂದು ಜಪಾನೀ ಕಂಪನಿಯ ಹೆಸರು ಯಂತ್ರದ ಹೆಸರಾಗಿದೆ, ಅದರ ಚಾಲಕರು ನಮಗೆ ನಿಘಂಟಾಗಿದ್ದಾರೆ. ಸಂತೋಷ.

ಮೈಸೂರಿನ ಅನುವಾದಕಿ:

ಹೌದು, ಆಗಿದ್ದಾರೆ. ದಿನವಿಡೀ ಆ ವಸ್ತುವಿನ ಮೇಲೆ ಕುಳಿತವರ ಮಾತು ನಿಘಂಟಿಗೆ ಬರುವುದು ಹೀಗೆಯೇ. ಕಮ್ಮಾರ, ಬಡಗಿ, ನೇಕಾರರ ಪದಗಳು ಬಂದದ್ದು ಯಾವ ಸಮಿತಿಯಿಂದ? ನೀವು ಮೊದಲ ಓಲೆಯಲ್ಲಿ ಗುಜರಾತಿ ವರ್ತಕರ ಬಾಯಿಮಾತಿಗೆ ಮಣೆ ಹಾಕಿದಿರಿ. ಕೊಡಗಿನ ಹಿಟಾಚಿ ಆಪರೇಟರಿನ ಬಾಯಿಮಾತು ಮಾತ್ರ ಕೀಳೇ? ಪದ ಸತ್ತು ಮುನ್ನೂರು ವರ್ಷವಾದ ಮೇಲೆ ಅದಕ್ಕೆ ಗೌರವ, ಬದುಕಿರುವಾಗ ಅಸಡ್ಡೆ.

ಕುಶಾಲನಗರದ ಅಚ್ಚಗನ್ನಡಿಗ:

ಬಾಯಿಮಾತು ಎಂದು ಎಲ್ಲವನ್ನೂ ಒಳಗೆ ಬಿಟ್ಟುಕೊಂಡದ್ದಕ್ಕೇ ಇವತ್ತು ಮಕ್ಕಳಿಗೆ ವೀಸ ಎಂದರೆ ಅಮೆರಿಕಕ್ಕೆ ಹೋಗುವ ಕಾಗದ. ನಮ್ಮ ಪದ ಸತ್ತದ್ದಲ್ಲ, ಇನ್ನೊಂದು ಬಂದು ಅದರ ಜಾಗದಲ್ಲಿ ಕುಳಿತಿತು. ನಿಮಗೆ ಇದು ಎರವಲು, ನನಗೆ ಒತ್ತುವರಿ.

ವಿರಾಜಪೇಟೆಯ ನಿವೃತ್ತ ಸೈನಿಕ:

ಒತ್ತುವರಿ ತೆರವು ನಡೆಯುವಾಗಲೂ ಹಿಟಾಚಿಯೇ ಬರಬೇಕು. ಗುರುವಾರ ನಾಳೆ.

ಗೋಣಿಕೊಪ್ಪಲಿನ ಹವ್ಯಾಸಿ:

ಬೋರ್ಡಿಗೆ ಹೋಗುತ್ತಿರುವುದು ಇದು. ತಲೆಬರಹ: ‘ಟಿ-55 ರಿಮೋಟ್ ಟ್ಯಾಂಕ್, ವೀಸದ ಮಾದರಿ’, ಕೆಳಗೆ ಸಣ್ಣಕ್ಷರದಲ್ಲಿ ‘ನಿಜ ಗಾತ್ರದ ಹದಿನಾರನೇ ಒಂದು’. ಭಾಗಗಳು: ತಿರುಗುಗೋಪುರ, ತೋಪಿನ ನಳಿಗೆ, ಚೈನು, ಹಲ್ಲುಗಾಲಿ, ಓಟಗಾಲಿ. ಓಟಗಾಲಿ, ಅಂದರೆ ಭಾರ ಹೊತ್ತು ಓಡುವ ಗಾಲಿ, ಒಂದೊಂದು ಬದಿಗೆ ಐದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹೆಚ್ಚು ಅಂತರ. ಟಿ-55ನ್ನು ದೂರದಿಂದ ಗುರುತಿಸುವುದು ಅದರಿಂದಲೇ, ಹಾಗಾಗಿ ಅಲ್ಲಿ ಒಂದು ಬಾಣದ ಗುರುತು ಹಾಕಿಸುತ್ತೇನೆ. ವೆದರಿಂಗ್‌ಗೆ ಕುಸುರಿ ಕೆಲಸದ ಧಾಟಿಯಲ್ಲಿ ‘ಮಾಸಲು ಕೆಲಸ’ ಎಂದು ಇಟ್ಟಿದ್ದೇನೆ. ಇದರಲ್ಲಿ ನಮ್ಮ ತೋಟದ ಕೆಂಪು ಮಣ್ಣನ್ನೇ ಜರಡಿ ಹಿಡಿದು, ಅಂಟಿನಲ್ಲಿ ಕಲಸಿ, ಚೈನಿನ ಸಂದುಗಳಿಗೆ ತುಂಬಿದ್ದೇವೆ. ಬಾಕಿ ಐಡ್ಲರ್ ಮಾತ್ರ. ಬೋರ್ಡಿನವರ ಮಗ ‘ಸೋಮಾರಿಗಾಲಿ’ ಎಂದು ಹೇಳಿ ನಗುತ್ತಿದ್ದಾನೆ.

ಕುಶಾಲನಗರದ ಅಚ್ಚಗನ್ನಡಿಗ:

ಅದು ಮಾಡುವ ಕೆಲಸವೇನು?

ಗೋಣಿಕೊಪ್ಪಲಿನ ಹವ್ಯಾಸಿ:

ಟಿ-55ರಲ್ಲಿ ಹಲ್ಲುಗಾಲಿ ಹಿಂದೆ, ಇದು ಮುಂದೆ. ಎಳೆಯುವುದಿಲ್ಲ, ಭಾರ ಹೊರುವುದಿಲ್ಲ. ಇದನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಚೈನು ಬಿಗಿಯಾಗುತ್ತದೆ. ಸಡಿಲವಿದ್ದರೆ ತಿರುವಿನಲ್ಲಿ ಚೈನು ಕಳಚಿ ಬೀಳುತ್ತದೆ.

ಕುಶಾಲನಗರದ ಅಚ್ಚಗನ್ನಡಿಗ:

ಬಿಗಿಗಾಲಿ.

ಸೋಮವಾರಪೇಟೆಯ ನಿವೃತ್ತ ಅಧ್ಯಾಪಕ:

ಅಡ್ಡಿಯಿಲ್ಲ. ‘ತೋಪಿನ ನಳಿಗೆ’ಗೆ ನನ್ನ ಒಪ್ಪಿಗೆ ಇಲ್ಲ.